ಆಷಾಢದ ಮಳೆಯಲ್ಲೂ ಆರದ ಬೆಂಕಿ

ಮಲೆನಾಡಿನಲ್ಲಿ ಮಳೆಗಾಲ ಹಿಡಿದ ಮೇಲೆ ಬೆಂಕಿ ಹೊತ್ತಿಸೋದು ಸಣ್ಣ ಕೆಲಸ ಅಲ್ಲ. ಬಚ್ಚಲ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು, ಇದ್ದಬದ್ದ ಒಣ ಹಾಳೆ ಹುಡುಕಿ ತಂದು, ಊದುಗೊಳವೆ ಊದಿ ಊದಿ ಕಣ್ಣು ಕೆಂಪಾದ ಮೇಲೆ ಒಂದಿಷ್ಟು ಹೊಗೆ ಬರುತ್ತದೆ. ಬೆಂಕಿ ಆಮೇಲಿನ ಮಾತು. ಆಗುಂಬೆ ಕಡೆಯಂತೂ ಕೇಳಲೇಬೇಡಿ, ವರ್ಷದ ಮಳೆ ಸರಾಸರಿ 7000 ಮಿಲಿಮೀಟರ್ ದಾಟುತ್ತದೆ, ಬೆಂಕಿಪೊಟ್ಟಣವನ್ನೇ ಮಗುವಿನ ಹಾಗೆ ಬೆಚ್ಚಗೆ ಇಡಬೇಕು. ಇಂಥ ಸೀಮೆಯಲ್ಲಿ ಒಂದು ಜಾಗದಲ್ಲಿ ಮಾತ್ರ ಪ್ರತಿ ಶುಕ್ರವಾರ ತಪ್ಪದೆ ಬೆಂಕಿ ಬೀಳುತ್ತದೆ. ಶಿವಮೊಗ್ಗದ ಥಿಯೇಟರ್ ಗೇಟಿನ ಮುಂದೆ.

"ಸರ್, ಹೀರೋ ಆ್ಯಕ್ಟಿಂಗ್ ಹೇಗಿದೆ?"

"ಬೆಂಕಿ."

"ಹೀರೋಯಿನ್?"

"ಅವ್ರೂ ಬೆಂಕಿ."

ಇದಕ್ಕೆ ಪಬ್ಲಿಕ್ ರಿವ್ಯೂ ಅಂತ ಹೆಸರು. ಪಬ್ಲಿಕ್ ಅನ್ನೋದು ನಿಜ, ಯಾರು ಬೇಕಾದರೂ ಹೇಳಬಹುದು. ಹೋದ ತಿಂಗಳು ನನ್ನ ಕಣ್ಣೆದುರೇ ಒಬ್ಬರು ಪಕ್ಕದ ಬ್ಯಾಂಕಿಗೆ ಬಂದವರು, ಪಾರ್ಕಿಂಗ್ ಸಿಗದೆ ಥಿಯೇಟರ್ ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿದರು. ಹೆಲ್ಮೆಟ್ ತೆಗೆಯೋದರೊಳಗೆ ಮೈಕ್ ಬಂತು. ಕಂಕುಳಲ್ಲಿ ಪಾಸ್‌ಬುಕ್ಕು, ಮುಖದ ಮೇಲೆ ಸಾಲದ ಚಿಂತೆ. ಒಂದು ಕ್ಷಣ ಯೋಚಿಸಿ "ಬೆಂಕಿ" ಅಂದರು. ಸುಮ್ನೆ ಬಿಡಲಿಲ್ಲ, "ಫ್ಯಾಮಿಲಿ ಸಮೇತ ಬಂದು ನೋಡಿ, ಕಾಸಿಗೆ ಮೋಸ ಇಲ್ಲ" ಅಂತಲೂ ಸೇರಿಸಿದರು. ಆಮೇಲೆ ಸ್ಕೂಟರಿಗೆ ಬೀಗ ಹಾಕಿ ಬ್ಯಾಂಕಿಗೆ ಹೋದರು. ಇಂಟರ್‌ವಲ್‌ನಲ್ಲೇ ಎದ್ದು ಬಂದವನೊಬ್ಬ "ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್" ಅಂದಿದ್ದನ್ನೂ ಕೇಳಿದ್ದೇನೆ. ಊಹೆ ಸರಿಯಾಗೇ ಇತ್ತು, ಅದು ಬೇರೆ ವಿಷಯ.

ನನ್ನ ತಕರಾರು ಇಷ್ಟೇ. ನಟನೆ ಬಗ್ಗೆ ಮಾತಾಡೋಕೆ ನಮ್ಮ ಹತ್ತಿರ ಉಳಿದಿರೋದು ಒಂದೇ ಪದ. 'ಚೋಮನ ದುಡಿ'ಯಲ್ಲಿ ಎಂ.ವಿ. ವಾಸುದೇವರಾವ್ ಸಿಟ್ಟು, ಸಂಕಟ ಎಲ್ಲವನ್ನೂ ದುಡಿಗೆ ಬಡಿದು ತೀರಿಸಿಕೊಂಡರು, ರಾಷ್ಟ್ರಪ್ರಶಸ್ತಿ ಬಂತು. ನಮ್ಮ ತೀರ್ಥಹಳ್ಳಿ ಕಡೆಯ ಗಿರೀಶ್ ಕಾಸರವಳ್ಳಿ ಮಾಡಿದ 'ತಬರನ ಕಥೆ'ಯಲ್ಲಿ ಚಾರುಹಾಸನ್ ಪಿಂಚಣಿಗಾಗಿ ಅಲೆದು ಅಲೆದು ಸವೆದರಲ್ಲ, ಅವರಿಗೂ ಬಂತು. ಅಲ್ಲಿ ಬೆಂಕಿ ಎಲ್ಲಿತ್ತು? ಒದ್ದೆ ಸೌದೆ ಹಾಗೆ ಒಳಗೊಳಗೇ ಹೊಗೆಯಾಡೋ ಮನುಷ್ಯ ಆತ. ಇವತ್ತು ಆ ಸಿನಿಮಾ ಬಂದಿದ್ದರೆ ಗೇಟಲ್ಲಿ ಏನಂತಿದ್ದರು? "ಹೀರೋ ಎಂಟ್ರಿ ಅಷ್ಟು ಮಾಸ್ ಇಲ್ಲ ಸರ್, ಪಿಂಚಣಿ ಸೀನ್ ಸ್ವಲ್ಪ ಲ್ಯಾಗ್."

ಈಗಿನವರು ಚೆನ್ನಾಗಿ ಮಾಡಲ್ಲ ಅಂತಲ್ಲ. 2022ರ 'ಕಾಂತಾರ'ಕ್ಕೆ ರಿಷಬ್ ಶೆಟ್ಟಿಗೂ ರಾಷ್ಟ್ರಪ್ರಶಸ್ತಿ ಬಂದಿದೆ. ಎಲ್ಲರೂ ಆ ಕೊನೆಯ ಇಪ್ಪತ್ತು ನಿಮಿಷದ ಬಗ್ಗೇನೇ ಮಾತಾಡುತ್ತಾರೆ, ಮೈ ಜುಂ ಅಂದಿದ್ದು ನನಗೂ ಹೌದು. ಆದರೆ ನನಗೆ ಹಿಡಿಸಿದ್ದು ಊರೆಲ್ಲ ಮೆರೆಯೋ ಆ ಗಂಡಸು ಅಮ್ಮನ ಬೈಗುಳಕ್ಕೆ ಮಾತ್ರ ಕುಗ್ಗೋದು. ಯಶ್ ಅವರ 'ಕೆಜಿಎಫ್' ನಡಿಗೆಗೆ ಬೇರೆಯೇ ಸಂಬಳ ಕೊಡಬೇಕು, ಒಪ್ಪಿದೆ. ಡೈಲಾಗುಗಳನ್ನು ಮಾತ್ರ ಕಲ್ಲಿನ ಮೇಲೆ ಶಾಸನ ಕೆತ್ತಿಸಿದ ಹಾಗೆ ಹೇಳುತ್ತಾರೆ, ಒಬ್ಬನೇ ಮನುಷ್ಯ ಅಷ್ಟು ಶಾಸನ ಹೊರಡಿಸಿದರೆ ಕೇಳೋರಿಗೆ ಸುಸ್ತಾಗಲ್ವಾ? 'ಮುಂಗಾರು ಮಳೆ'ಯ ಗಣೇಶ್ ನೋಡಿ, ಒಂದು ಮೊಲದ ಜೊತೆ ಮಾತಾಡಿಕೊಂಡೇ ರಾಜ್ಯವನ್ನೆಲ್ಲ ಅಳಿಸಿದರು. ಇವು ನನ್ನ ಅಭಿಪ್ರಾಯ. ನಿಮ್ಮದು ಬೇರೆ ಇರಬಹುದು, ಇರಲಿ, ಜಗಳ ಆಡೋಣ. ಆದರೆ ಬೆಂಕಿ ಅಂದವನ ಜೊತೆ ಜಗಳ ಆಡೋದಾದರೂ ಹೇಗೆ ಮಾರಾಯ್ರೆ?

ಈ ಉಪದೇಶವನ್ನೆಲ್ಲ ಜಾರಿಗೆ ತರಲು ನಾನೇ ಹೋದ ಕಥೆ ಹೇಳಿಬಿಡುತ್ತೇನೆ. ಒಂದು ದೊಡ್ಡ ಸಿನಿಮಾ. ಹೆಸರು ಬೇಡ, ಅಭಿಮಾನಿಗಳಿಗೆ ನಮ್ಮ ಮನೆ ದಾರಿ ಗೊತ್ತು. ಮೊದಲ ಶೋ ಮುಗಿಸಿ ಹೊರಗೆ ಬಂದರೆ ಧೋ ಅಂತ ಮಳೆ. ಮೈಕ್ ಹಿಡಿದ ಹುಡುಗ ನನ್ನ ಕೊಡೆಯೊಳಗೇ ನುಗ್ಗಿದ. ಮೈಕಿಗೆ ಹಾಕಿದ್ದ ಕರಿ ಉಣ್ಣೆ ಟೋಪಿ ನೆಂದು ಸತ್ತ ಇಲಿ ಹಾಗೆ ಜೋತಾಡುತ್ತಿತ್ತು, ಅದನ್ನೇ ನನ್ನ ಬಾಯಿಗೆ ಹಿಡಿದ.

"ಅಣ್ಣಾ, ಬಾಸ್ ಆ್ಯಕ್ಟಿಂಗ್?"

ಸಿಕ್ಕಿತಲ್ಲ ಅವಕಾಶ. "ನೋಡಪ್ಪಾ, ಅಪ್ಪ ಸತ್ತ ಸೀನಲ್ಲಿ ಕೂಲಿಂಗ್ ಗ್ಲಾಸ್ ತೆಗೀಬೇಕಿತ್ತು. ಕಣ್ಣೇ ಕಾಣದಿದ್ರೆ ಅತ್ತಿದ್ದು ಹೆಂಗೆ ಗೊತ್ತಾಗಬೇಕು? ತಂಗಿ ಜೊತೆ ಊಟ ಮಾಡೋ ಸೀನಲ್ಲಿ ಮಾತ್ರ ಸಹಜವಾಗಿದ್ದಾರೆ, ಅಲ್ಲಿ ಸ್ಲೋ ಮೋಷನ್ ಇಲ್ಲ ನೋಡು, ಅದಕ್ಕೆ." ಹೀಗೇ ಮೂರು ನಿಮಿಷ ಹೇಳಿದೆ. ಹುಡುಗನ ಮುಖ ಬಾಡಿತು. "ಒಂದೇ ಪದದಲ್ಲಿ ಹೇಳಿ ಅಣ್ಣಾ" ಅಂದ. "ಆಗಲ್ಲ ಬಿಡು ಮಾರಾಯ, ನಂಗೆ ಹೊತ್ತಾಯ್ತು, ಮನೆಗೆ ಹೋಗಿ ಬಚ್ಚಲ ಒಲೆಗೆ ಬೆಂಕಿ ಹಾಕಬೇಕು" ಅಂತ ಹೊರಟೆ.

ಸಂಜೆ ವಿಡಿಯೋ ಬಂತು. ನನ್ನ ಪಾಲಿಗೆ ಸಿಕ್ಕಿದ್ದು ಎರಡು ಸೆಕೆಂಡ್. ಕೊಡೆ ಕೆಳಗೆ ನನ್ನ ಮುಖ, ಬಾಯಲ್ಲಿ "ಬೆಂಕಿ". ಸುತ್ತ ಕೆಂಪು ಜ್ವಾಲೆ ಬೇರೆ ಅಂಟಿಸಿದ್ದರು.

ಭಾನುವಾರ ರಾತ್ರಿ ಹೊಸನಗರದಿಂದ ಭಾವನ ಫೋನು.

"ಎಂಥದಾ, ನೀನು ಬೆಂಕಿ ಅಂದಿದೀಯ ಅಂತ ಐದು ಜನ ಕಾರು ಮಾಡ್ಕೊಂಡು ಶಿವಮೊಗ್ಗಕ್ಕೆ ಬಂದು ನೋಡಿದ್ವಲ್ಲ ಮಾರಾಯ. ಅಮ್ಮ ಅರ್ಧದಲ್ಲೇ ನಿದ್ದೆ ಮಾಡಿದ್ರು. ನಿಂಗೆ ತಲೆ ಸರಿ ಇದೆಯಾ?"

ಒಲೆ, ಸೌದೆ, ಎಡಿಟಿಂಗ್ ಎಲ್ಲ ವಿವರಿಸಿದೆ. ನಂಬಿದ ಹಾಗೆ ಕಾಣಲಿಲ್ಲ. ಕೊನೆಗೆ ಸುಮ್ನೆ ಕೇಳಿದೆ, "ಹೊರಗೆ ಬಂದಾಗ ನಿಮಗೂ ಮೈಕ್ ಹಿಡಿದ್ರಾ ಭಾವ?"

"ಹಿಡಿದ್ರು."

"ಎಂಥ ಹೇಳಿದ್ರಿ?"

ಆ ಕಡೆ ಸ್ವಲ್ಪ ಹೊತ್ತು ಹೆಂಚಿನ ಮೇಲೆ ಮಳೆ ಬೀಳೋ ಸದ್ದು ಮಾತ್ರ ಕೇಳಿಸಿತು.

"ಅಷ್ಟು ಜನರ ಎದುರಿಗೆ ಇನ್ನೆಂಥ ಹೇಳೋದು ಮಾರಾಯ... ಬೆಂಕಿ ಅಂದೆ."