ಒಂದು ನಕ್ಷೆಗಾಗಿ ಇಡೀ ರಾತ್ರಿ

ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ ಇಳಿಯುವ ದಾರಿಯದೊಂದು ಪುಟ್ಟ ನಕ್ಷೆ. ಎಷ್ಟು ಹಿಗ್ಗಿಸಿದರೂ ಗೆರೆ ಮಸುಕಾಗಬಾರದೆಂದು ಎಸ್‌ವಿಜಿ ರೂಪದಲ್ಲಿ (ಚಿತ್ರವನ್ನು ಚುಕ್ಕಿಗಳ ಬದಲು ಗೆರೆ, ಆಕಾರಗಳಾಗಿ ಉಳಿಸುವ ಕಡತ) ಬರೆದಿಟ್ಟಿದ್ದೆ. ಅದನ್ನು ವರದಿಗೆ ಸೇರಿಸಲು ಕುಳಿತಾಗ ರಾತ್ರಿ ಒಂಬತ್ತು. ಎದ್ದಾಗ ಹಾಲಿನವನು ಬಂದಿದ್ದ.

ವರದಿ ಸಿದ್ಧಪಡಿಸುತ್ತಿದ್ದ ಲೇಟೆಕ್ ಎಂಬ ತಂತ್ರಾಂಶಕ್ಕೆ ಪಿಎನ್‌ಜಿ ಚಿತ್ರ ಆದೀತು, ಜೆಪಿಜಿಯೂ ಆದೀತು, ಪಿಡಿಎಫ್ ಆದರಂತೂ ಸಂತೋಷವೇ. ಎಸ್‌ವಿಜಿ ಮಾತ್ರ ಹೊಸ್ತಿಲ ಹೊರಗೆ. 2001ರಲ್ಲೇ ಜಾಲದ ಮಾನದಂಡವಾದ ರೂಪವಿದು, ಇನ್ನೂ ನೇರವಾಗಿ ಒಳಗೆ ಕರೆಯುವ ಸೌಜನ್ಯವಿಲ್ಲ! ಸರಿ, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತೆರೆದು ಪಿಡಿಎಫ್ ಮಾಡಿದೆ. ನಕ್ಷೆಯೇನೋ ಬಂತು, ಜೊತೆಗೆ ಇಡೀ ಎ4 ಹಾಳೆಯ ಖಾಲಿ ಜಾಗವನ್ನೂ ಹೊತ್ತು ತಂದಿತು. ಪುಟದ ಅಳತೆಗಲ್ಲ, ಚಿತ್ರದ ಅಳತೆಗೆ ಉಳಿಸಬೇಕೆಂದು ಹೊಳೆಯುವಷ್ಟರಲ್ಲಿ ಮೂರು ಲೋಟ ಕಾಫಿ ಮುಗಿದಿತ್ತು.

ಗೋಡೆಗೆ ಹಾಕಲು ದೊಡ್ಡ ಪ್ರತಿಯೊಂದು ಬೇಕಿತ್ತು. ಮೂಲ ಎಸ್‌ವಿಜಿಯನ್ನೇ ಜಯನಗರದ ಮುದ್ರಣದಂಗಡಿಗೆ ಒಯ್ದೆ. (ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿ ಒಯ್ಯಬೇಕಿತ್ತು, ಆ ತಪ್ಪು ನನ್ನದೇ.) ಅಲ್ಲಿನ ಗಣಕದಲ್ಲಿ ಹೆಸರಿಗೊಂದು ಕನ್ನಡ ಫಾಂಟ್ ಇರಲಿಲ್ಲ, ಬೆಂಗಳೂರಿನಲ್ಲಿ! ಊರಿನ ಹೆಸರುಗಳೆಲ್ಲ ಚೌಕಗಳಾಗಿ ನಿಂತಿದ್ದವು.

“ಮೇಡಂ, ಇದರಲ್ಲಿ ಯಾವ ಚೌಕ ಯಾವ ಕೆರೆ?” ಎಂದು ಅಂಗಡಿಯ ಹುಡುಗ ಗಂಭೀರವಾಗಿಯೇ ಕೇಳಿದ.