ಆರು ಬಿದ್ದರೆ ಹಡಗು ಮುಳುಗುವುದಿಲ್ಲ

ದಾಳದಲ್ಲಿ ಆರು ಬಿದ್ದ ಕೂಡಲೇ ಬೊಬ್ಬೆ ಹಾಕುವವರನ್ನು ನೌಕಾಯುದ್ಧದ ಆಟಕ್ಕೆ ಕೂರಿಸಿಕೊಳ್ಳಲೇಬಾರದು. ತಪ್ಪು ಅವರದ್ದಲ್ಲ, ಲೂಡೋದ್ದು. ಆರು ಬಿದ್ದರೆ ಕಾಯಿ ಹೊರಗೆ ಬರುತ್ತದೆ, ಇನ್ನೊಂದು ಆಟ ಸಿಗುತ್ತದೆ ಎಂದು ಚಿಕ್ಕಂದಿನಿಂದ ಕಲಿತ ಕೈ ಅದು. ಆದರೆ ಎರಡನೇ ಮಹಾಯುದ್ಧದ ಬೋರ್ಡ್ ಆಟ 'ಆಕ್ಸಿಸ್ ಆಂಡ್ ಅಲೈಸ್ 1942'ರ ಎರಡನೇ ಆವೃತ್ತಿಯಲ್ಲಿ ಆರು ಬಿತ್ತೆಂದರೆ ಗುಂಡು ನೀರಿಗೆ ಬಿತ್ತು, ಅಷ್ಟೆ. ಬ್ಯಾಟಲ್‌ಶಿಪ್ಪಿಗೆ ತನ್ನ ಏಟು ತಾಗಲು ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬೀಳಬೇಕು, ಕ್ರೂಸರಿಗೆ ಮೂರು ಅಥವಾ ಕಡಿಮೆ, ಡೆಸ್ಟ್ರಾಯರಿಗೆ ಎರಡು ಅಥವಾ ಕಡಿಮೆ. ಸಬ್‌ಮೆರೀನ್ ತಾನಾಗಿ ಮೇಲೆ ಬಿದ್ದರೆ ಎರಡು, ಅದರ ಮೇಲೆ ಬೇರೆಯವರು ಬಿದ್ದರೆ ಬರೀ ಒಂದು. ವಿಮಾನ ಹೊರುವ ಕ್ಯಾರಿಯರ್‌ದು ಇದರ ಉಲ್ಟಾ: ದಾಳಿಗೆ ಒಂದು, ರಕ್ಷಣೆಗೆ ಎರಡು. ಐದು, ಆರು ಯಾವ ಹಡಗಿಗೂ ಬೇಡ. ಇಷ್ಟನ್ನು ಎರಡು ಸಲ ಹೇಳಿದ ಮೇಲೂ ಆರಕ್ಕೆ ಚಪ್ಪಾಳೆ ಬೀಳುತ್ತದೆ.

ಸಮುದ್ರದ ಕಾಳಗಕ್ಕೆ ದಾಳವೇ ಯಾಕೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ದಾಳವಿಲ್ಲದೆ ಆಡಿದವರೂ ಇದ್ದಾರೆ. 1898ರಲ್ಲಿ ಇಂಗ್ಲೆಂಡಿನ ಫ್ರೆಡ್ ಜೇನ್ ಹೊರತಂದ ಆಟದಲ್ಲಿ, ಹಡಗಿನ ಚಿತ್ರವಿದ್ದ ಕಾಗದಕ್ಕೆ ಮೊಳೆ ಸಿಕ್ಕಿಸಿದ ಕೋಲಿನಿಂದ ಬಡಿಯಬೇಕಿತ್ತು. ಮೊಳೆ ಸರಿಯಾಗಿ ನಡುವೆ ಇರುತ್ತಿರಲಿಲ್ಲ, ಹಾಗಾಗಿ ತೂತು ಎಲ್ಲಿ ಬೀಳುತ್ತದೆಂದು ಬಡಿದವನಿಗೂ ಖಾತ್ರಿಯಿಲ್ಲ. ಆಮೇಲೆ ಅಮೆರಿಕದ ಫ್ಲೆಚರ್ ಪ್ರ್ಯಾಟ್, ನೆಲದ ಮೇಲೆ ಪುಟ್ಟ ಹಡಗುಗಳನ್ನು ಹರಡಿ, ಎದುರಾಳಿ ಎಷ್ಟು ದೂರ ಎಂದು ಕಣ್ಣಂದಾಜಿನಲ್ಲೇ ಹೇಳಿಸಿ, ಕೊನೆಗೆ ಅಳತೆ ಹಿಡಿಯುವ ಆಟ ಕಟ್ಟಿದ. ಎರಡೂ ಒಳ್ಳೆಯ ಉಪಾಯಗಳೇ. ಆದರೆ ಅವಕ್ಕೆ ದೊಡ್ಡ ಕೋಣೆಯಷ್ಟು ಜಾಗ ಬೇಕು, ಬೇಗ ಸಿಟ್ಟಾಗದ ಜನ ಬೇಕು. ದಾಳಕ್ಕೆ ಒಂದು ಅಡಿ ಸಮತಟ್ಟು ಜಾಗ ಸಾಕು.

ಮಂಗಳೂರಿನ ಜೂನ್‌ನಲ್ಲಿ ಆ ಒಂದು ಅಡಿಯೇ ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತ ಮೇಲೆಯೇ ಮನೆಯೊಳಗಿನ ನೌಕಾಪಡೆಗಳು ಹೊರಡುವುದು. ಆ ಹೊತ್ತಿಗೆ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆಂದರೆ ಆಟದ ರಟ್ಟು ಮಡಿಕೆಯ ಜಾಗದಲ್ಲಿ ಉಬ್ಬಿ ನಿಲ್ಲುತ್ತದೆ. ನಕ್ಷೆಯ ಮೇಲೆ ದಾಳ ಹಾಕಿದರೆ ಆ ಉಬ್ಬಿಗೆ ಒರಗಿ ಓರೆಯಾಗಿ ನಿಂತಿತೆಂದೇ ಲೆಕ್ಕ. ಮೇಲಿನ ಮುಖ ಮೂರೋ, ಪಕ್ಕದ್ದು ಐದೋ? ಇದಕ್ಕೊಂದು ಪರೀಕ್ಷೆಯಿದೆ: ಓರೆ ಬಿದ್ದ ದಾಳದ ತಲೆಯ ಮೇಲೆ ಇನ್ನೊಂದು ದಾಳ ಇಡಿ. ಜಾರದೆ ಕೂತರೆ ಆಟ ಸರಿ, ಜಾರಿದರೆ ಮತ್ತೆ ಹಾಕಬೇಕು. ಮತ್ತೆ ಹಾಕುವುದು ಆ ಒಂದೇ ದಾಳವನ್ನು, ಹಿಡಿ ದಾಳವನ್ನಲ್ಲ. ಹಿಡಿಯಲ್ಲಿ ಬಾಕಿಯೆಲ್ಲ ಕೆಟ್ಟದಾಗಿ ಬಿದ್ದಾಗ ಮಾತ್ರ ಕೆಲವರಿಗೆ ಓರೆ ಕಾಣಿಸುತ್ತದೆ.

ಹಾಗಾದರೆ ದಾಳ ಎಲ್ಲಿ ಹಾಕುವುದು? ನಮ್ಮ ಕಡೆ ಎಲ್ಲರಿಗೂ ಮೊದಲು ಹೊಳೆಯುವುದು ಕೇರಂ ಬೋರ್ಡು. ನಯವಾದ ಹಲಗೆ, ನಾಲ್ಕು ಕಡೆ ಕಟ್ಟು, ದಾಳ ಮಂಚದಡಿಗೆ ಹೋಗುವ ಭಯವಿಲ್ಲ. ಆದರೆ ಮೂಲೆಯ ಪಾಕೆಟ್ಟು ನಾಲ್ಕೂವರೆ ಸೆಂಟಿಮೀಟರಿನ ಹತ್ತಿರ, ದಾಳದ ಬದಿ ಒಂದೂವರೆ ಸೆಂಟಿಮೀಟರ್ ಚಿಲ್ಲರೆ. ಬ್ಯಾಟಲ್‌ಶಿಪ್ಪಿನ ಗುಂಡು ಸೀದಾ ಬಲೆಯೊಳಗೆ. ಬಲೆಯ ಕಣ್ಣಿನಿಂದ ಇಣುಕಿ "ಎರಡು ಕಾಣ್ತಾ ಉಂಟು" ಎನ್ನುವವರೂ ಇದ್ದಾರೆ. ಬಲೆಯಲ್ಲಿ ಸಿಕ್ಕಿದ್ದು ಮೀನು, ಎಣಿಕೆಗಲ್ಲ. ಪಾಕೆಟ್ಟಿಗೆ ಬಟ್ಟೆ ತುರುಕಿ ಆಡಿದರೂ ಪೌಡರಿನ ಕಾಟ ತಪ್ಪದು. ಬಿಳಿ ದಾಳದ ಕಪ್ಪು ಗುಳಿಗಳಲ್ಲಿ ಕೇರಂ ಪೌಡರ್ ಸೇರಿಕೊಳ್ಳುತ್ತದೆ. ನಡುವಿನ ಗುಳಿ ಮುಚ್ಚಿದರೆ ಐದು ನಾಲ್ಕಾಗಿ ಕಾಣುತ್ತದೆ. ಐದೆಂದರೆ ಗುರಿ ತಪ್ಪಿತು, ನಾಲ್ಕೆಂದರೆ ಬ್ಯಾಟಲ್‌ಶಿಪ್ಪಿನ ಏಟು. ಚಿಟಿಕೆ ಪೌಡರಿಗೆ ಒಂದು ಹಡಗು ಹೋಗುತ್ತದೆ. ಗೋಳಿಬಜೆ ತಿಂದ ಕೈಯಾದರಂತೂ ಎಣ್ಣೆಗೆ ಪೌಡರ್ ಅಂಟಿ ಆರೂ ಮುಖಗಳು ಸಂಶಯಾಸ್ಪದ. ಸರಿಯಾದ ದಾರಿ ಇಷ್ಟೆ: ಆಟದ ಪೆಟ್ಟಿಗೆಯ ಮುಚ್ಚಳವನ್ನು ಅಂಗಾತ ಇಟ್ಟು, ಹಳೇ ಬೈರಾಸಿನ (ಟವೆಲಿನ) ತುಂಡನ್ನು ನೆರಿಗೆ ಬೀಳದ ಹಾಗೆ ಬಿಗಿಯಾಗಿ ಎಳೆದು, ಅಂಚಿಗೆ ಕ್ಲಿಪ್ ಹಾಕುವುದು. ನೆರಿಗೆ ಬಿಟ್ಟರೆ ಮತ್ತೆ ಓರೆ ದಾಳ. ಮುಚ್ಚಳದ ಹೊರಗೆ ಬಿದ್ದದ್ದು, ಎಷ್ಟೇ ಚಂದದ ಒಂದಾದರೂ, ಲೆಕ್ಕಕ್ಕಿಲ್ಲ.

ಇನ್ನು ಕಾಳಗ. ಎಲ್ಲಕ್ಕಿಂತ ಮೊದಲು ಸಬ್‌ಮೆರೀನ್‌ಗಳು ಹೇಳಬೇಕು: ಮುಳುಗಿ ತಪ್ಪಿಸಿಕೊಳ್ಳುತ್ತವೋ, ಹೊಡೆಯುತ್ತವೋ. ಹೊಡೆಯುವುದಾದರೆ ಅವುಗಳದ್ದು ಮೊದಲ ಏಟು. ತಾಗಿದ ಹಡಗು ತಿರುಗಿ ಹೊಡೆಯದೆ ಅಲ್ಲೇ ಹೋಗುತ್ತದೆ. ಎದುರಿಗೆ ಒಂದೇ ಒಂದು ಡೆಸ್ಟ್ರಾಯರ್ ಇದ್ದರೆ ಎರಡು ಸೌಲಭ್ಯವೂ ಇಲ್ಲ, ಸಬ್‌ಮೆರೀನ್ ಹತ್ತಿದ್ದರೂ ಅಷ್ಟೆ. ಸಬ್‌ಮೆರೀನಿನ ಏಟು ವಿಮಾನಕ್ಕೆ ತಾಗದು. ಜೊತೆಗೆ ತಮ್ಮ ಡೆಸ್ಟ್ರಾಯರ್ ಇಲ್ಲದ ವಿಮಾನದ ಏಟು ಸಬ್‌ಮೆರೀನಿಗೆ ತಾಗದು. ಅದಕ್ಕೇ ಸಬ್‌ಮೆರೀನಿನ ದಾಳ, ವಿಮಾನದ ದಾಳ ಬೇರೆ ಬೇರೆ ಹಾಕಬೇಕು. ಒಟ್ಟಿಗೆ ಎಸೆದು ಬಣ್ಣದಿಂದ ಗುರುತಿಸುವವರು ಯಾವ ಬಣ್ಣ ಯಾವ ಹಡಗಿನದ್ದೆಂದು ಎಸೆಯುವ ಮೊದಲೇ ಬಾಯಿಬಿಟ್ಟು ಹೇಳಲಿ.

ಉಳಿದ ಹಡಗುಗಳ ವಿಷಯಕ್ಕೆ ಬಂದಾಗಲೇ ಜಗಳ. ದಾಳಿ ಮಾಡಿದವನು ದಾಳ ಹಾಕಿದ, ಮೂರು ಏಟು ತಾಗಿತು. ಯಾವ ಮೂರನ್ನು ಕಳೆದುಕೊಳ್ಳುವುದೆಂದು ಆರಿಸುವವನು ಏಟು ತಿಂದವನೇ. ಆ ಮೂರನ್ನು ಪಕ್ಕಕ್ಕೆ ಸರಿಸಿ, ಅವನ್ನೂ ಸೇರಿಸಿಕೊಂಡು ತಿರುಗಿ ದಾಳ ಹಾಕುತ್ತಾನೆ. "ಎಂತ ಮಾರಾಯ್ರೆ, ಸತ್ತ ಹಡಗು ಗುಂಡು ಹೊಡೆಯುವುದುಂಟಾ?" ಉಂಟು. ಇಬ್ಬರೂ ಒಂದೇ ಹೊತ್ತಿಗೆ ಹೊಡೆದರು ಎಂದು ಲೆಕ್ಕ; ಕೈ ಒಂದಾದ ಮೇಲೆ ಒಂದು ಆಡುತ್ತದೆ ಅಷ್ಟೆ. ಈ ನಿಯಮ ಇಲ್ಲದಿದ್ದರೆ ಮೊದಲು ದಾಳ ಹಿಡಿದವನೇ ಗೆದ್ದ, ಆಟವೇ ಬೇಡ. ಎಲ್ಲ ಆದ ಮೇಲೆ ಸತ್ತವನ್ನು ತೆಗೆಯಬೇಕು, ದಾಳಿಕೋರ ಇನ್ನೊಂದು ಸುತ್ತು ಹೊಡೆಯುವುದೋ ಹಿಂದೆ ಸರಿಯುವುದೋ ಹೇಳಬೇಕು. ಸರಿಯುವುದಾದರೆ ಹಡಗುಗಳೆಲ್ಲ ಒಟ್ಟಿಗೆ, ತಮ್ಮಲ್ಲಿ ಯಾವುದಾದರೂ ಒಂದು ಬಂದಿದ್ದ ನೀರಿಗೇ.

ಬ್ಯಾಟಲ್‌ಶಿಪ್ಪಿಗೆ ಎರಡು ಏಟು ಬೇಕು. ಮೊದಲನೆಯದಕ್ಕೆ ಅಡ್ಡ ಮಲಗಿಸುವುದು, ಎರಡನೆಯದಕ್ಕೆ ತೆಗೆಯುವುದು. ಕಾಳಗ ಮುಗಿಯುವ ತನಕ ಉಳಿದರೆ ಪುಕ್ಕಟೆ ರಿಪೇರಿಯಾಗಿ ಎದ್ದು ನಿಲ್ಲುತ್ತದೆ. ಮಲ್ಪೆಯಲ್ಲಿ ಬೋಟು ಮೇಲೆಳೆಸಿ ಹಲಗೆ ಬದಲಿಸಿದವರ ಎದುರು ಇದನ್ನು ಹೇಳದಿರುವುದು ಕ್ಷೇಮ. ಆದರೆ ಮೊದಲ ಏಟನ್ನು ಯಾವಾಗಲೂ ಅದಕ್ಕೇ ಕೊಡಿ. ಖರ್ಚಿಲ್ಲದ ಏಟು ಅದೊಂದೇ.

ಕ್ರೂಸರ್ ಕೊಳ್ಳುವವರ ಬಗ್ಗೆ ಎರಡು ಮಾತು ಹೇಳದೆ ಇರಲಾಗದು. ಆಟದ ಹಣದಲ್ಲಿ ಕ್ರೂಸರಿಗೆ 12, ಡೆಸ್ಟ್ರಾಯರಿಗೆ 8. ಅಂದರೆ 24ಕ್ಕೆ ಎರಡು ಕ್ರೂಸರ್ ಅಥವಾ ಮೂರು ಡೆಸ್ಟ್ರಾಯರ್. ಹೊಡೆಯುವ ಶಕ್ತಿ ಎರಡಕ್ಕೂ ಆರೇ: ಮೂರೆರಡಲ ಆರು, ಎರಡು ಮೂರಲ ಆರು. ಶಕ್ತಿಯ ಮೊತ್ತವನ್ನು ಆರರಿಂದ ಭಾಗಿಸಿದರೆ ಒಂದು ಸುತ್ತಿಗೆ ಸರಾಸರಿ ಎಷ್ಟು ಏಟು ಎಂಬುದು ಸಿಗುತ್ತದೆ. ಇಲ್ಲಿ ಇಬ್ಬರಿಗೂ ಒಂದು. ಆದರೆ ಡೆಸ್ಟ್ರಾಯರಿನವನು ಮೂರು ಏಟು ತಾಳುತ್ತಾನೆ, ಕ್ರೂಸರಿನವನು ಎರಡು. ಮೇಲಿಂದ ಸಬ್‌ಮೆರೀನ್ ಕಾಟವೂ ತಪ್ಪಿತು. ಇಷ್ಟು ಕೂಡಿಸಿ ಕಳೆದು ತೋರಿಸಿದರೂ "ಕ್ರೂಸರ್ ನೋಡ್ಲಿಕ್ಕೆ ಲಾಯ್ಕ್ ಉಂಟಲ್ಲ" ಎಂದು ಎತ್ತಿಕೊಳ್ಳುತ್ತಾರೆ. ಸೋತ ಮೇಲೆ ದಾಳಕ್ಕೆ ಬೈಗಳು. ಅಂಥವರ ಜೊತೆ ಆಡಲು ಸುಲಭ, ಕೂರಲು ಕಷ್ಟ.

ಕ್ರೂಸರಿನ ಪರ ಇರುವ ಏಕೈಕ ವಾದ ತೀರದ ಮೇಲೆ ಗುಂಡು. ಬ್ಯಾಟಲ್‌ಶಿಪ್ ಮತ್ತು ಕ್ರೂಸರ್ ಮಾತ್ರ ಅದನ್ನು ಮಾಡಬಲ್ಲವು: ಒಂದು ಹಡಗಿಗೆ ಒಂದೇ ದಾಳ, ಅದೂ ಮೊದಲ ಸುತ್ತಿನಲ್ಲಿ, ಹಡಗಿನಿಂದ ಇಳಿದ ಪಡೆಗಳ ಸಂಖ್ಯೆ ಮೀರದ ಹಾಗೆ. ಆ ನೀರಿನಲ್ಲಿ ಮೊದಲೇ ಕಾಳಗ ನಡೆದಿದ್ದರೆ ಅದೂ ಇಲ್ಲ. ತೀರದವರು ಹಡಗಿಗೆ ತಿರುಗಿ ಹೊಡೆಯುವಂತಿಲ್ಲ. ಬೋರ್ಡಿನಲ್ಲಿರುವ ವಿಮಾನನಿರೋಧಕ ಫಿರಂಗಿಯೂ ವಿಮಾನಕ್ಕೆ ಮಾತ್ರ. ಗುರುಪುರ ನದಿಗೆ ಯುದ್ಧನೌಕೆ ನುಗ್ಗದಿರಲೆಂದು ಟಿಪ್ಪು 1784ರಲ್ಲಿ ಬೋಳೂರಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯಂಥ ಒಂದು ಕಾಯಿ ಈ ಪೆಟ್ಟಿಗೆಯಲ್ಲಿ ಇರಬೇಕಿತ್ತು. ಇಲ್ಲ.

ಪಡೆ ಸಾಗಿಸುವ ಟ್ರಾನ್ಸ್‌ಪೋರ್ಟ್ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ: ಹೊಡೆಯುವುದಿಲ್ಲ, ಕೊನೆಗೆ ಸಾಯುತ್ತದೆ, ಒಂಟಿಯಾಗಿ ಸಿಕ್ಕರೆ ಎಷ್ಟಿದ್ದರೂ ಎಲ್ಲವೂ ಒಟ್ಟಿಗೆ. ಮೂರು ಟ್ರಾನ್ಸ್‌ಪೋರ್ಟಿಗೆ 21 ಖರ್ಚು ಮಾಡಿ, ಕಾವಲಿಗೆ 8ರ ಡೆಸ್ಟ್ರಾಯರ್ ಇಡದವರಿಗೆ ಯಾವ ದಾಳವೂ ಸಹಾಯ ಮಾಡದು.

ಕ್ಯಾರಿಯರಿನಲ್ಲಿ ಮಾತ್ರ ನಿಜವಾದ ಲೆಕ್ಕಾಚಾರ ಇದೆ. ಅದಕ್ಕೆ 14, ಮೇಲೆ ಕೂರುವ ಎರಡು ಫೈಟರ್ ವಿಮಾನಕ್ಕೆ ತಲಾ 10. ರಕ್ಷಣೆಯಲ್ಲಿ ಫೈಟರಿಗೆ ನಾಲ್ಕು, ಕ್ಯಾರಿಯರಿಗೆ ಎರಡೇ. ಹಾಗಾಗಿ ಏಟು ಬಿದ್ದಾಗ ಕ್ಯಾರಿಯರನ್ನೇ ಬಿಟ್ಟುಕೊಟ್ಟು ಫೈಟರ್ ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಉಳಿಸಿಕೊಳ್ಳಿ, ಆದರೆ ಕಾಳಗ ಮುಗಿದಾಗ ಒಂದು ಹೆಜ್ಜೆಯೊಳಗೆ ನೆಲವೋ ಇನ್ನೊಂದು ಕ್ಯಾರಿಯರೋ ಸಿಗುತ್ತದೆಯೇ ಎಂದು ಏಟು ಆರಿಸುವ ಮೊದಲೇ ನಕ್ಷೆ ನೋಡಿ. ಸಿಗದಿದ್ದರೆ ಎರಡೂ ಫೈಟರ್ ಪೆಟ್ಟಿಗೆಗೆ. ಮುಂದಿನ ಸರದಿ ತನಕ ಹಾರಿಕೊಂಡಿರಲಿ ಎಂದು ಕೇಳುವವರು ಕೇಳಲಿ, ಒಪ್ಪಬೇಡಿ.