ಧ್ವನಿ ಸಹಾಯಕದ ಸೂಚನೆ ಬದಲಾವಣೆ: ಸ್ಪಷ್ಟನೆ
ಕರೆಗೆ ಉತ್ತರಿಸುವ ಎಐ ಧ್ವನಿ ಸಹಾಯಕದ ಸೂಚನೆ (ಅದು ಹೇಗೆ ಉತ್ತರಿಸಬೇಕೆಂದು ಹೇಳುವ ಬರಹ) ಬದಲಿಸಲು ಅದರ ಹಿಂದಿರುವ ಎಐ ಮಾದರಿಗೆ ಮತ್ತೆ ತರಬೇತಿ ಕೊಡಿಸಬೇಕು ಎಂಬ ಸಂದೇಶ ರಾಯಚೂರಿನ ಹತ್ತಿ ವ್ಯಾಪಾರಿಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಇದು ಸರಿಯಲ್ಲ. ಸೂಚನೆ ಎಂಬುದು ಮಾದರಿಯ ಹೊರಗೆ ಉಳಿಸಿಟ್ಟ ಬರಹ; ಅದನ್ನು ಸಹಾಯಕವನ್ನು ಹೊಂದಿಸುವ ಟೂಲ್ (ತಂತ್ರಾಂಶ) ಮೂಲಕ ತಿದ್ದಿದರೆ ಸಾಕು. ನಿಜವಾಗಿ ಎಚ್ಚರ ಬೇಕಾದದ್ದು ಬೇರೆಡೆ. ಹಲವು ಟೂಲ್‌ಗಳು ಹೊಸ ಬರಹವನ್ನು ಹಳೆಯದಕ್ಕೆ ಸೇರಿಸದೆ, ಹಳೆಯದನ್ನು ಪೂರ್ತಿ ತೆಗೆದು ಆ ಜಾಗದಲ್ಲಿ ಇಡುತ್ತವೆ. ‘ಭಾನುವಾರ ಖರೀದಿ ಇಲ್ಲ’ ಎಂಬ ಒಂದೇ ಸಾಲು ಕಳಿಸಿದರೆ, ‘ತೇವಾಂಶ ನೋಡದೆ ಕ್ವಿಂಟಲ್ ದರ ಹೇಳಬೇಡ’ ಎಂಬ ಹಿಂದಿನ ಸಾಲು ಅಳಿಸಿಹೋಗಿ, ದೇವದುರ್ಗದಿಂದ ಕರೆ ಮಾಡಿದ ರೈತರಿಗೆ ತಪ್ಪು ದರ ತಲುಪಬಹುದು. ಆದ್ದರಿಂದ ಈಗಿರುವ ಸೂಚನೆಯ ಪ್ರತಿ ಇಟ್ಟುಕೊಂಡು, ತಿದ್ದಿದ ಇಡೀ ಬರಹವನ್ನೇ ಕಳಿಸಬೇಕು. ಆಗಲೇ ನಡೆಯುತ್ತಿರುವ ಕರೆ ಸಾಮಾನ್ಯವಾಗಿ ಹಳೆಯ ಸೂಚನೆಯಲ್ಲೇ ಮುಂದುವರಿಯುವುದರಿಂದ, ಪರೀಕ್ಷೆಗೆ ಹೊಸ ಕರೆಯನ್ನೇ ಮಾಡಬೇಕು.